ಪರೀಕ್ಷೆಯ ಮರುದಿನ

ಪರೀಕ್ಷೆಗೆ ಮುಂಚೆ ಮಕ್ಕಳು ಹೇಗೆ ಓದಬೇಕೆಂದು ಉಪದೇಶಿಸುವವರು ಲೋಕದಲ್ಲಿ ಬಹುಮಂದಿಯುಂಟು. ಪರೀಕ್ಷೆ ಮುಗಿದಮೇಲೆ ಮನೆಯವರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುವವರು ವಿರಳ. ಆದುದರಿಂದ ಈ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಲು ಉದ್ದೇಶಿಸಿದ್ದೇನೆ.

ಎಂಜಿನಿಯರಿಂಗ್ ಪದವಿಯಾದ ಬಳಿಕ ಎಂ.ಟೆಕ್. ವ್ಯಾಸಂಗವನ್ನು ಅಪೇಕ್ಷಿಸುವವರು ಗೇಟ್ ಎಂಬ ಪರೀಕ್ಷೆಗೆ ಕುಳಿತುಕೊಳ್ಳುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಏಳು ಐ.ಐ.ಟಿ.ಗಳೂ ಇದನ್ನು ಸರದಿಯಂತೆ ನಡೆಯಿಸುತ್ತವೆ. 2024ರಲ್ಲಿ ಆ ಭಾರವು ಬೆಂಗಳೂರಿನ ಸಂಸ್ಥೆಯದಾಗಿದ್ದಿತು. ಮೂರು ಗಂಟೆಗಳ ಕಾಲ, 65 ಪ್ರಶ್ನೆಗಳು, 100 ಅಂಕಗಳು. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಪರೀಕ್ಷೆ, ಮಾರ್ಚಿ ತಿಂಗಳಲ್ಲಿ ಫಲಿತಾಂಶ.

ನಮ್ಮ ಬೀದಿಯ ಗೃಹಸ್ಥರೊಬ್ಬರ ಮಗಳು ಕೆಲವು ವರ್ಷಗಳ ಹಿಂದೆ ಈ ಪರೀಕ್ಷೆಯನ್ನು ಬರೆದು ಸಂಜೆ ಮನೆಗೆ ಬಂದಳು. ಅವಳು ಹೊಸ್ತಿಲನ್ನು ದಾಟುವುದರೊಳಗೆ ತಂದೆಯವರು, “ಎಷ್ಟು ಬರಬಹುದಮ್ಮಾ?” ಎಂದು ಕೇಳಿದರು. ಜಗುಲಿಯ ಮೇಲೆ ಕುಳಿತಿದ್ದ ನಾನೂ ಅದನ್ನೇ ಕೇಳಿದೆನೆಂದು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವನ ಬಾಯಲ್ಲಿಯೂ ಬಂದುದು ಆ ಒಂದೇ ಮಾತು! ಅವಳು, “ಗೊತ್ತಿಲ್ಲ ಮೇಷ್ಟ್ರೇ” ಎಂದು ಹೇಳಿ ಒಳಕ್ಕೆ ಹೋದಳು. ಅಂದಿನಿಂದ ಒಂದು ತಿಂಗಳು ಆ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಅಂಕಗಳದೇ ಲೆಕ್ಕ. ಹುಡುಗಿ ಮೌನಿಯಾದಳು.

ಅವಳು ಹೇಳಿದ ಉತ್ತರವು ಸತ್ಯವಾದುದೆಂಬುದು ನನಗೆ ಆಮೇಲೆ ತಿಳಿಯಿತು. ಒಂದೇ ಸರಿಯುತ್ತರವನ್ನು ಆರಿಸಬೇಕಾದ ಪ್ರಶ್ನೆಗಳಲ್ಲಿ ತಪ್ಪಿದರೆ, ಆ ಪ್ರಶ್ನೆಯ ಅಂಕದಲ್ಲಿ ಮೂರರಲ್ಲೊಂದು ಭಾಗವನ್ನು ಕಳೆಯುವರು. ಅಲ್ಲದೆ 1000ಕ್ಕೆ ಕೊಡುವ ಸ್ಕೋರು ಇತರರು ಬರೆದಿರುವುದನ್ನೂ ಅವಲಂಬಿಸಿರುವುದು. ಹೀಗಿರಲು ಬಾಗಿಲಲ್ಲಿ ನಿಂತ ಮಗುವು ಏನೆಂದು ಉತ್ತರ ಹೇಳೀತು?

ಮುಖ್ಯವಾದ ನಷ್ಟವು ಬೇರೊಂದಿದ್ದಿತು. ಫಲಿತಾಂಶವು ಬಂದರೆ ಸ್ಥಾನವು ತಾನಾಗಿಯೇ ದೊರೆಯುವುದೆಂದು ತಂದೆಯವರು ನಂಬಿದ್ದರು. ಆದರೆ ವಿಜ್ಞಾನ ಸಂಸ್ಥೆಗೂ ಪ್ರತಿಯೊಂದು ಐ.ಐ.ಟಿ.ಗೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಎನ್.ಐ.ಟಿ.ಗಳಿಗೆ ಸಿ.ಸಿ.ಎಂ.ಟಿ. ಎಂಬ ಬೇರೆ ಏರ್ಪಾಡುಂಟು. ಅವಳ ಸ್ಕೋರು ಮಧ್ಯಮವಾಗಿ ಬಂದಿತು. ಅದನ್ನು ಕುರಿತು ದುಃಖಿಸುತ್ತಿರುವಷ್ಟರಲ್ಲಿ ಅವಳು ಬಯಸಿದ್ದ ವಿದ್ಯಾಲಯದ ಅರ್ಜಿಯ ಗಡುವು ಕಳೆದುಹೋಗಿದ್ದಿತು. ಒಂದು ತಿಂಗಳನ್ನು ಅಂಕ ಎಣಿಸುವುದರಲ್ಲಿ ಕಳೆದ ನಮ್ಮಲ್ಲಿ ಒಬ್ಬರೂ ಪಂಚಾಂಗವನ್ನು ನೋಡಿರಲಿಲ್ಲ.

ದೈವವಶಾತ್ ಗೇಟ್ ಸ್ಕೋರಿಗೆ ಮೂರು ವರ್ಷಗಳ ಆಯುಸ್ಸುಂಟು. ಮರುವರ್ಷ ಅದೇ ಸ್ಕೋರಿನಿಂದ ಅವಳು ನಮ್ಮ ರಾಜ್ಯದ ಕಾಲೇಜೊಂದಕ್ಕೆ ಸೇರಿದಳು. ಆ ವೇಳೆಗೆ ಒಂದು ವರ್ಷವು ವ್ಯರ್ಥವಾಗಿದ್ದಿತು.

ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಪರೀಕ್ಷೆಯ ಮರುದಿನವೇ ಅರ್ಜಿಗಳ ಗಡುವುಗಳನ್ನು ವಿಚಾರಿಸಿ, ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಸಂದರ್ಶನವನ್ನು ನಡೆಯಿಸುವ ವಿಭಾಗಗಳೂ ಇರುವುದರಿಂದ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಬೇಡಿರಿ. ಐ.ಐ.ಟಿ.ಗಳ ಕರೆಯು ಬಂದಾಗ ಅದನ್ನು ಸ್ವೀಕರಿಸಿ ಸ್ಥಿರಪಡಿಸಬಹುದು, ಇಟ್ಟುಕೊಂಡು ಕಾಯಬಹುದು, ಇಲ್ಲವೆ ತಿರಸ್ಕರಿಸಿ ಕಾಯಬಹುದು. ಈ ಮೂರರಲ್ಲಿ ಯಾವುದೆಂಬುದನ್ನು ಗಡುವಿನೊಳಗೆ ತಿಳಿಸಬೇಕಾದುದರಿಂದ, ಮಕ್ಕಳೊಡನೆ ಕುಳಿತು ಮೊದಲೇ ಆಲೋಚಿಸಿರುವುದು ಲೇಸು. ಖರ್ಚನ್ನು ಲೆಕ್ಕಹಾಕುವಾಗ ಒಂದನ್ನು ನೆನಪಿನಲ್ಲಿಡಿರಿ: ಗೇಟ್‌ನಲ್ಲಿ ಅರ್ಹರಾಗಿ ಎ.ಐ.ಸಿ.ಟಿ.ಇ. ಮನ್ನಣೆಯುಳ್ಳ ಕಾಲೇಜುಗಳಿಗೆ ಸೇರುವವರಿಗೆ, ನಿಯಮಾನುಸಾರ, ತಿಂಗಳಿಗೆ 12,400 ರೂಪಾಯಿಗಳ ವಿದ್ಯಾರ್ಥಿವೇತನವುಂಟು. ಅರ್ಹತೆಯು ದೊರೆಯದಿದ್ದರೂ ಎದೆಗೆಡಬೇಕಾದುದಿಲ್ಲ. ಈ ಪರೀಕ್ಷೆಗೆ ವಯಸ್ಸಿನ ಮಿತಿಯಾಗಲಿ ಇಷ್ಟೇ ಸಾರಿಯೆಂಬ ಕಟ್ಟಾಗಲಿ ಇಲ್ಲ.

ಇವೆಲ್ಲವೂ ಮರುದಿನದ ಕೆಲಸ. ಪರೀಕ್ಷೆಯ ದಿನ ಮಗುವು ಮನೆಗೆ ಬಂದಾಗ ಕೈಕಾಲು ತೊಳೆಯಲು ನೀರುಕೊಟ್ಟು, ಎಲೆಹಾಕಿ ಬಡಿಸಿ, ನಿಶ್ಚಿಂತೆಯಿಂದ ನಿದ್ರಿಸಗೊಡಿರಿ. ಅಂಕವೆಷ್ಟೆಂಬ ಪ್ರಶ್ನೆಗೆ ಉತ್ತರವು ಮಾರ್ಚಿಯಲ್ಲಿ ತಾನೇ ಬರುವುದು.