ಕ್ರಾಸ್ ಕಂಪೈಲರು: ಕೆಲವು ತೊಡಕುಗಳು

ನಮ್ಮೂರಿನಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಬಹುಮಟ್ಟಿಗೆ ರಾತ್ರಿಯ ವೇಳೆ. ಹಿತ್ತಿಲಿನ ತೊಟ್ಟಿ ತುಂಬಿತೇ ಎಂದು ನೋಡಲು ನಮ್ಮ ತಂದೆಯವರು ನಾಲ್ಕಾರು ಬಾರಿ ಎದ್ದು ಹೋಗುವರು. ನೀರು ಅಂಚಿಗೆ ಬಂದೊಡನೆ ಮನೆಯೊಳಗೆ ಬಜರು ಕೂಗುವಂತೆ ಮಾಡಿಕೊಡುವೆನೆಂದು ದಸರಾ ರಜೆಯಲ್ಲಿ ಮಾತು ಕೊಟ್ಟೆ. “ನೀನು ಓದೋದು ಬಿ.ಎ. ಅಲ್ವೇನಪ್ಪ?” ಎಂದರು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಮಾತು ಉಳಿಸಿಕೊಳ್ಳಲೇಬೇಕಾಯಿತು.

ಇದಕ್ಕಾಗಿ ಆರ್ಡುಯಿನೊ ಊನೊ ಎಂಬ ಬೋರ್ಡನ್ನು ಕೊಂಡೆ. ಅದರ ಜೀವಾಳವಾದ ಎಟ್‌ಮೆಗಾ 328ಪಿ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ ಇರುವ ಜಾಗ 32 ಕಿಲೋಬೈಟು. ರ್‍ಯಾಮ್ ಕೇವಲ 2 ಕಿಲೋಬೈಟು. ಇಷ್ಟರಲ್ಲಿ ಕಂಪೈಲರು ಹಿಡಿಸದು. ಆದುದರಿಂದ ನಮ್ಮ ಮೇಜಿನ ಕಂಪ್ಯೂಟರಿನಲ್ಲಿಯೇ ಪ್ರೋಗ್ರಾಮನ್ನು ಆ ಚಿಪ್ಪಿನ ಯಂತ್ರಭಾಷೆಗೆ ಪರಿವರ್ತಿಸಿ ಕಳುಹಿಸಬೇಕು. ಹೀಗೆ ಒಂದು ಯಂತ್ರದಲ್ಲಿದ್ದುಕೊಂಡು ಇನ್ನೊಂದಕ್ಕಾಗಿ ದುಡಿಯುವ ಕಂಪೈಲರಿಗೆ ಕ್ರಾಸ್ ಕಂಪೈಲರು ಎಂದು ಹೆಸರು. ಸಿದ್ಧ ತಂತ್ರಾಂಶವೊಂದು ಇದನ್ನೆಲ್ಲ ತಾನೇ ಮುಗಿಸಿಕೊಡುತ್ತದೆ. ಒಳಗಿನ ಮರ್ಮ ತಿಳಿಯಬೇಕೆಂಬ ಹಟದಿಂದ ನಾನು ಉಬುಂಟು ಇರುವ ಕಂಪ್ಯೂಟರಿನಲ್ಲಿ ಕೈಯಾರೆ ಜೋಡಿಸಲು ಹೊರಟೆ.

ಕಂಪೈಲರು ತಪ್ಪಿಲ್ಲದೆ ಫಲ ಕೊಟ್ಟಿತು. ಹಿಗ್ಗಿನಿಂದ ಆ ಕಡತವನ್ನು ಕಂಪ್ಯೂಟರಿನಲ್ಲಿಯೇ ಓಡಿಸಿದೆ. ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂಬ ಉತ್ತರ ಬಂದಿತು. ಪ್ರೋಗ್ರಾಮೇ ಕೆಟ್ಟಿದೆಯೆಂದು ಭಾವಿಸಿ ಎರಡು ದಿನ ಅದನ್ನು ತಿದ್ದಿದೆ. ಪ್ರೋಗ್ರಾಮು ಸರಿಯಾಗಿಯೇ ಇದ್ದಿತು. ಚಿಪ್ಪಿಗೆ ಬರೆದ ಕಾಗದವನ್ನು ಕಂಪ್ಯೂಟರಿಗೆ ಓದಲು ಕೊಟ್ಟಿದ್ದೆ, ಅಷ್ಟೆ! ಅಂದಿನಿಂದ ಯಾವ ತಪ್ಪು ಬಂದರೂ ‘ಇದು ಯಾವ ಯಂತ್ರದ ದೂರು?’ ಎಂದು ಮೊದಲು ಕೇಳಿಕೊಳ್ಳುತ್ತೇನೆ.

‘ಕಮಾಂಡ್ ನಾಟ್ ಫೌಂಡ್’ ಎಂದರೆ ದೂರು ಕಂಪ್ಯೂಟರಿನದು. ಎವಿಆರ್-ಜಿಸಿಸಿ ಎಂಬ ಕಂಪೈಲರನ್ನು ಹಾಕಿಲ್ಲ, ಇಲ್ಲವೆ ಅದಿರುವ ಫೋಲ್ಡರಿನ ಹೆಸರು ‘ಪಾತ್’ ಪಟ್ಟಿಯಲ್ಲಿಲ್ಲ. ಹೆಡರ್ ಕಡತ ಸಿಗಲಿಲ್ಲವೆಂದರೆ ಎವಿಆರ್-ಲಿಬ್‌ಸಿ ಎಂಬ ಗ್ರಂಥಾಲಯವನ್ನು ಹಾಕಬೇಕು; ಉಬುಂಟುವಿನಲ್ಲಿ ಅದು ಬೇರೆಯೇ ಪ್ಯಾಕೇಜು. ‘ಡಿವೈಸ್ ಟೈಪ್ ನಾಟ್ ಡಿಫೈನ್ಡ್’ ಎಂಬ ಎಚ್ಚರಿಕೆ ಬಂದು ಪೋರ್ಟ್‌ಬಿ ಮುಂತಾದ ಹೆಸರುಗಳೇ ಅಪರಿಚಿತವಾದರೆ ದೂರು ಚಿಪ್ಪಿಗೆ ಸಂಬಂಧಿಸಿದ್ದು: ಯಾವ ಚಿಪ್ಪೆಂದು ನಾವು ಹೇಳಿಲ್ಲ. ಎಂಎಂಸಿಯು ಎಂಬ ಸೂಚನೆಯಲ್ಲಿ ಚಿಪ್ಪಿನ ಹೆಸರನ್ನು ಕೊಟ್ಟರೆ ಸರಿಹೋಗುತ್ತದೆ.

ಕೊನೆಯ ತೊಡಕು ಎರಡು ಯಂತ್ರಗಳ ನಡುವಿನ ದಾರಿಯದು. ಸಿದ್ಧವಾದ ಕಡತವನ್ನು ಹೆಕ್ಸ್ ರೂಪಕ್ಕೆ ತಂದು, ಎವಿಆರ್‌ಡ್ಯೂಡ್ ಎಂಬ ಸಾಧನದಿಂದ ಯುಎಸ್‌ಬಿ ತಂತಿಯ ಮೂಲಕ ಚಿಪ್ಪಿಗೆ ತುಂಬಬೇಕು. ಇಲ್ಲಿ ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ಕಂಪೈಲರನ್ನು ದೂರಿ ಫಲವಿಲ್ಲ. ನಮ್ಮ ಹೆಸರನ್ನು ‘ಡಯಲೌಟ್’ ಎಂಬ ಬಳಗಕ್ಕೆ ಸೇರಿಸಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಬರಬೇಕು. ಸೇರಿಸಿದ ಮೇಲೆ ಹೊರಬರುವುದನ್ನು ಮರೆತು ನಾನು ಒಂದು ಸಂಜೆಯನ್ನೇ ಕಳೆದೆನು.

ಮುಂದಿನ ಸಲ ಊರಿಗೆ ಹೋದಾಗ ಬೋರ್ಡನ್ನು ಗೋಡೆಗೆ ಕಟ್ಟಿ, ಎರಡು ತಂತಿಗಳನ್ನು ತೊಟ್ಟಿಯ ಅಂಚಿನವರೆಗೆ ಇಳಿಬಿಟ್ಟೆ. ನಡುರಾತ್ರಿ ಬಜರು ಕೂಗಿತು. ತಂದೆಯವರು ಎದ್ದು ಹೋಗಿ ಮೋಟಾರು ನಿಲ್ಲಿಸಿ ಬಂದರು. ನನಗೆ ಏನನ್ನೂ ಹೇಳಲಿಲ್ಲ. ಬೆಳಗಿನವರೆಗೂ ಮತ್ತೆ ಏಳಲಿಲ್ಲ.