ಹಳೆಯ ಬಿಲಿಯರ್ಡ್ಸ್ ಮೇಜಿನ ಗುರುತು

ಹಳೆಯ ವಾಡೆಗಳು, ಬ್ರಿಟಿಷರ ಕಾಲದ ಬಂಗಲೆಗಳು, ಕ್ಲಬ್ಬುಗಳು ಕೈ ಬದಲಾಗುವಾಗ ಅಲ್ಲಿಯ ಸಾಮಾನುಗಳು ಲಿಲಾವಿಗೆ ಬರುವುದುಂಟು. ತಾಮ್ರದ ಹಂಡೆಗೂ ಗೋಡೆಯ ಗಡಿಯಾರಕ್ಕೂ ಗಿರಾಕಿಗಳು ಒಡನೆಯೇ ದೊರೆಯುತ್ತಾರೆ. ಮೂಲೆಯಲ್ಲಿ ಎಂಟು ಕಾಲುಗಳ ಮೇಲೆ ನಿಂತ ಭಾರಿ ಮೇಜೊಂದಿದ್ದರೆ ಮಾತ್ರ ಅದನ್ನು ಕಟ್ಟಿಗೆಯ ಲೆಕ್ಕದಲ್ಲಿ ಕೊಂಡು, ಒಳಗಿನ ಕಲ್ಲನ್ನು ಒಡೆದು ಹಾಕುವ ಅಪಾಯವುಂಟು. ಆ ಕಲ್ಲೇ ಮೇಜಿನ ಜೀವವೆಂಬುದನ್ನು ವಾಚಕರು ಮೊದಲು ತಿಳಿಯಬೇಕು.

ಮರವು ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಸೊಟ್ಟಗಾಗುತ್ತದೆ. ಗುಂಡು ನೇರವಾಗಿ ಉರುಳಬೇಕಾದ ಆಟಕ್ಕೆ ಅಂಥ ಹಾಸು ಸಲ್ಲದು. ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಮರದ ಬದಲು ಸ್ಲೇಟು ಕಲ್ಲಿನ ಹಾಸನ್ನೂ, 1835ರಲ್ಲಿ ಅಂಚಿಗೆ ರಬ್ಬರನ್ನೂ ಬಳಕೆಗೆ ತಂದನು. ಆ ರಬ್ಬರು ಚಳಿಯಲ್ಲಿ ಗಟ್ಟಿಯಾಗುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದ ರಬ್ಬರು 1840ರ ದಶಕದಲ್ಲಿ ಬಂದ ಮೇಲೆ ಆ ತೊಡಕು ನೀಗಿತು.

ನಾಲತವಾಡದ ಕಡೆಯ ವಿದ್ಯಾರ್ಥಿಗಳು ಎರಡು ಬಗೆಯ ಚಪ್ಪಟೆ ಕಲ್ಲುಗಳನ್ನು ಬಲ್ಲರು: ಹಿಂದಿನವರು ಅಕ್ಷರ ತಿದ್ದಿದ ಪಾಟಿ ಒಂದು, ನೆಲಕ್ಕೆ ಹಾಸುವ ಫರಸಿ ಇನ್ನೊಂದು. ತಾಳಿಕೋಟೆ, ಶಹಾಬಾದಗಳ ಫರಸಿ ಸುಣ್ಣಗಲ್ಲು. ನೀರಿನಡಿಯಲ್ಲಿ ಪದರುಪದರಾಗಿ ಶೇಖರಗೊಂಡದ್ದು. ಪಾಟಿಯ ಕಲ್ಲಾದರೋ ಜೇಡಿಯು ಭೂಗರ್ಭದ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪಾಂತರ ಹೊಂದಿದುದು. ಮೇಜಿನ ಅಡಿಯಿಂದ, ಕಾಣದ ಭಾಗದಲ್ಲಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ತೊಟ್ಟು ಹಚ್ಚಿ ನೋಡಿರಿ. ಚುರುಚುರು ಎಂದು ನೊರೆಯೆದ್ದರೆ ಅದು ಸುಣ್ಣಗಲ್ಲು. ಮೂಲ ಹಾಸು ಮುರಿದಾಗ ಯಾರೋ ಬದಲಿಸಿದ್ದಿರಬೇಕು. ನೊರೆ ಏಳದಿದ್ದರೆ ಸ್ಲೇಟು ಇರುವ ಸಂಭವ ಹೆಚ್ಚು.

ಪೂರ್ಣ ಅಳತೆಯ ಇಂಗ್ಲಿಷ್ ಮೇಜು ಸುಮಾರು 12 ಅಡಿ ಉದ್ದ, 6 ಅಡಿ ಅಗಲ. ಹಾಸಿಗೆ ಸಾಮಾನ್ಯವಾಗಿ ಐದು ಹಲಗೆಗಳು. ಅಮೆರಿಕದ ಪೂಲ್ ಮೇಜು ಹೆಚ್ಚಾಗಿ 9 ಅಡಿಯದು, ಹಲಗೆ ಮೂರು. ಕಿಸೆಗಳ ಬಾಯಿಯನ್ನು ನೋಡಿದರೂ ಭೇದ ತಿಳಿಯುತ್ತದೆ: ಇಂಗ್ಲಿಷ್ ಮೇಜಿನಲ್ಲಿ ಅಂಚು ದುಂಡಗೆ ಒಳಬಾಗಿರುತ್ತದೆ, ಪೂಲ್ ಮೇಜಿನಲ್ಲಿ ನೇರವಾಗಿ ಕತ್ತರಿಸಿರುತ್ತದೆ. ನಮ್ಮ ದೇಶದ ಹಳೆಯ ಮೇಜುಗಳು ಬಹುಮಟ್ಟಿಗೆ ಮೊದಲನೆಯ ಜಾತಿಯವು. ಸ್ನೂಕರ್ ಆಟವೇ 1875ರಲ್ಲಿ ಜಬಲಪುರದ ಸೈನಿಕರಲ್ಲಿ ಹುಟ್ಟಿ, ಉದಕಮಂಡಲದ ಕ್ಲಬ್ಬಿನಲ್ಲಿ ನಿಯಮಬದ್ಧವಾಯಿತೆಂದು ಪ್ರತೀತಿ. ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಗೆಲುವುಗಳನ್ನು ಬಲ್ಲ ವಾಚಕರಿಗೆ ಇದು ಹಿಗ್ಗಿನ ಸಂಗತಿಯೇ ಸರಿ.

ತಯಾರಕರ ಹೆಸರಿನ ಫಲಕ ಮೇಜಿನ ಅಂಚಿಗೆ ಇರುತ್ತದೆ. ಥರ್ಸ್ಟನ್, ಲಂಡನ್ನಿನ ಬರೋಸ್ ಅಂಡ್ ವಾಟ್ಸ್, ಕಲ್ಕತ್ತೆಯ ಲಾಜರಸ್ ಮುಂತಾದವರ ಹೆಸರುಗಳು ಬೆಲೆಯುಳ್ಳವು. ಆದರೆ ಫಲಕವೊಂದನ್ನೇ ನಂಬಬಾರದು. ಅದನ್ನು ಕಿತ್ತು ಬೇರೆ ಮೇಜಿಗೆ ಹಚ್ಚುವುದು ನಿಮಿಷದ ಕೆಲಸ. ಸುತ್ತಲಿನ ಮರದ ಬಣ್ಣ ಫಲಕದ ಆಕಾರಕ್ಕೆ ಹೊಂದಿದೆಯೆ, ಹಳೆಯ ತಿರುಪಿನ ತೂತುಗಳು ಬೇರೆಲ್ಲಿಯಾದರೂ ಉಳಿದಿವೆಯೆ ಎಂದು ನೋಡತಕ್ಕದ್ದು.

ಇನ್ನು ಗುಂಡುಗಳು. ಹಿಂದೆ ಇವನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಅಮೆರಿಕದ ಜಾನ್ ವೆಸ್ಲಿ ಹಯಾಟ್ 1869ರ ಸುಮಾರಿಗೆ ಸೆಲ್ಯುಲಾಯ್ಡನ್ನು ರೂಪಿಸಿದ್ದೂ ದಂತದ ಗುಂಡಿಗೆ ಬದಲಿಯನ್ನು ಅರಸುತ್ತಲೇ. ದಂತವನ್ನು ಸಾಂದ್ರತೆಯಿಂದ ಗುರುತಿಸಬಹುದಲ್ಲವೆ ಎಂದು ಭೌತಶಾಸ್ತ್ರದ ವಿದ್ಯಾರ್ಥಿ ಕೇಳಿಯಾನು. 52.5 ಮಿಲಿಮೀಟರ್ ವ್ಯಾಸದ ಗುಂಡಿನ ಗಾತ್ರ ಸುಮಾರು 75.8 ಘನ ಸೆಂಟಿಮೀಟರ್; ದಂತದ ಸಾಂದ್ರತೆ 1.7ರಿಂದ 1.9. ಆದುದರಿಂದ ತೂಕ 129ರಿಂದ 144 ಗ್ರಾಂ ಬರಬೇಕು. ಆದರೆ ಕೃತಕ ಗುಂಡುಗಳಿಗೂ ಪುಡಿಗಳನ್ನು ಬೆರೆಸಿ ತೂಕವನ್ನು ಸರಿಗೂಡಿಸುತ್ತಿದ್ದರು. ನಮ್ಮ ತಕ್ಕಡಿ ಇಲ್ಲಿ ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಭೂತಗಾಜಿನಲ್ಲಿ ದಂತದ ಅಡ್ಡ ಮೈಮೇಲೆ ಒಂದನ್ನೊಂದು ಕತ್ತರಿಸುವ ನವಿರಾದ ಬಾಗುಗೆರೆಗಳು ಕಾಣುತ್ತವೆ. ಅವೇ ನಿಜವಾದ ಗುರುತು. ಎಲುಬಿನಲ್ಲಾದರೆ ಕಪ್ಪು ಚುಕ್ಕೆಗಳು.

ಕಾಯಿಸಿದ ಸೂಜಿಯನ್ನು ಚುಚ್ಚಿ ನೋಡುವ ಪದ್ಧತಿಯೊಂದುಂಟು. ಅದನ್ನು ಮಾಡಲೇಬೇಡಿರಿ. ಸೆಲ್ಯುಲಾಯ್ಡ್ ಭುಗಿಲೆಂದು ಹೊತ್ತಿಕೊಳ್ಳುವ ವಸ್ತು. ಬೆರಳಿನಿಂದ ಬಲವಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಅಷ್ಟು ಸಾಕು. ಗುಂಡುಗಳು ದಂತದವೇ ಆಗಿದ್ದರೆ ಅವುಗಳಿಗೆ ಬೆಲೆ ಕಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದರ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಅಪರಾಧ, ವಸ್ತು ಎಷ್ಟೇ ಹಳೆಯದಾಗಿರಲಿ.

ಕೊಂಡ ಮೇಜನ್ನು ಸಾಗಿಸುವಾಗಲೇ ಹೆಚ್ಚಿನ ನಷ್ಟ ಸಂಭವಿಸುವುದು. ಎರಡು ಅಂಗುಲ ದಪ್ಪದ ಹಾಸು ಒಟ್ಟಿಗೆ ಸುಮಾರು 935 ಕಿಲೋಗ್ರಾಂ, ಒಂದೊಂದು ಹಲಗೆ 187 ಕಿಲೋಗ್ರಾಂ. ಬಿಚ್ಚುವ ಮೊದಲೇ ಹಲಗೆಗಳಿಗೆ ಕ್ರಮವಾಗಿ ಅಂಕಿ ಹಾಕಿರಿ. ಸ್ಲೇಟು ಬಾಗುವಿಕೆಯನ್ನು ತಾಳದು. ಹಲಗೆಯನ್ನು ಮಲಗಿಸಿ ಎರಡು ತುದಿ ಹಿಡಿದು ಎತ್ತಿದರೆ ನಡುವೆ ಸೀಳಬಹುದು. ಅದನ್ನೇ ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಒಯ್ದರೆ, 73 ಸೆಂಟಿಮೀಟರಿನ ಅಗಲವೇ ಆಳವಾಗಿ ನಿಂತು, ಬಾಗಿಸುವ ಪೀಡನವು ಸುಮಾರು 14ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಂಡಿಯಲ್ಲಿಯೂ ಹಾಗೆಯೇ ನಿಲ್ಲಿಸಿ, ಅಡಿಗೆ ಹುಲ್ಲು ಹಾಸಿ ಕಟ್ಟಬೇಕು.