ಟಕ್ ಅಂದ್ರ ಸಾಕು

ನಮ್ಮೂರು ನವಲಿಯ ಹಳೆಯ ಮನೆಗಳ ತಲಬಾಗಿಲು ಗಿಡ್ಡ. ಬೀಗರಿರಲಿ, ಸಾಹೇಬರಿರಲಿ, ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಕಾರಟಗಿಯಿಂದ ಟಂಟಂ ಮೇಲೆ ಹೇರಿಕೊಂಡು ಬಂದ ಐದಡಿ ಉದ್ದದ ರಟ್ಟಿನ ಪೆಟ್ಟಿಗೆಗೆ ಆ ರಿವಾಜು ಗೊತ್ತಿರಲಿಲ್ಲ. ಒಮ್ಮೆ ಅಡ್ಡ, ಒಮ್ಮೆ ನೆಟ್ಟಗೆ, ಕೊನೆಗೆ ಓರೆ ಮಾಡಿ, ಚೌಕಟ್ಟಿಗೆ ಮೂಲೆ ತರಚಿಸಿಕೊಂಡು ಅದು ಪಡಸಾಲೆ ಸೇರಿತು. ಮೈಮೇಲೆ ಮೇಲ್ಮುಖದ ಬಾಣ, ಪಕ್ಕದಲ್ಲಿ ಗಾಜಿನ ಲೋಟದ ಚಿತ್ರ.

“ಗಾಜಿನ ಸಾಮಾನೇನೋ?” ಅವ್ವ ಕೇಳಿದಳು.

“ಸೈಕಲ್ ಐತಿ ಬೇ.”

“ಸೈಕಲ್ಲಂದ್ರ ತುಳಕೋತ ಬರಬೇಕಪಾ, ಹೊತಗೊಂಡು ಯಾಕ ಬಂದಿ?”

ಹುಡುಗ ನನ್ನ ತಮ್ಮನ ಮಗ. ಬೆಂಗಳೂರಿನಲ್ಲಿ ನೌಕರಿ, ದಸರೆಗೆ ಊರಿಗೆ ಬಂದವನು. ಸೈಕಲ್ ಬೆಂಗಳೂರಿನ ವಿಳಾಸಕ್ಕೆ ತರಿಸದೆ ಊರಿಗೇ ತರಿಸಿದ್ದಕ್ಕೆ ಅವನ ಬಳಿ ಕಾರಣವಿತ್ತು. ಇದು ಗ್ರ್ಯಾವೆಲ್ ಬೈಕು. ಹ್ಯಾಂಡಲ್ ರೇಸ್ ಸೈಕಲ್ಲಿನ ಹಾಗೆ ಕೆಳಗೆ ಬಾಗಿದೆ, ತುದಿಗಳು ಮಾತ್ರ ತುಸು ಹೊರಕ್ಕೆ ಚಾಚಿವೆ. ಟೈರು ನಲವತ್ತು ಮಿಲಿಮೀಟರ್ ದಪ್ಪ, ಬ್ರೇಕು ಡಿಸ್ಕಿನದು. ಡಾಂಬರಿನ ಮೇಲೂ ಓಡುತ್ತದೆ, ಗರಸಿನ ದಾರಿಗೂ ಅಂಜುವುದಿಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬಲ್ಲಿ 2006ರಲ್ಲಿ, ದನ ಮೇಯುವ ಗುಡ್ಡಗಳ ನಡುವಿನ ಕಲ್ಲುದಾರಿಗಳಲ್ಲಿ ಹುಟ್ಟಿಕೊಂಡ ಪಂದ್ಯ ಈ ಜಾತಿಯ ಸೈಕಲ್ಲಿಗೆ ಹೆಸರು ತಂದಿತು. 2022ರಲ್ಲಿ ಇಟಲಿಯ ವೆನೆಟೊದಲ್ಲಿ ಇದಕ್ಕೇ ಪ್ರತ್ಯೇಕ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಬೆಂಗಳೂರಿನಲ್ಲಿ ಗರಸು ಹುಡುಕಿಕೊಂಡು ಹೋಗಬೇಕು. ನಮ್ಮಲ್ಲಿ ಮನೆ ಮುಂದಿನ ಕಟ್ಟೆ ಇಳಿದರೆ ಅದೇ. ಭೋಗಾಪುರೇಶನ ಗುಡಿ ದಾಟಿದರೆ ಮಸಾರಿ ಹೊಲದ ಬಂಡಿದಾರಿ, ಕಾರಟಗಿ ಕಡೆಗೆ ಇಳಿದರೆ ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯ ಏರಿಗಳು. ನಮ್ಮ ಕಡೆ ಇಂಥ ದಾರಿಗೆ ಬರವಿಲ್ಲ, ಅಂಥ ಸೈಕಲ್ಲಿಗೆ ಇತ್ತು.

ಪೆಟ್ಟಿಗೆ ಬಂದ ಸುದ್ದಿ ಅದಕ್ಕಿಂತ ಬೇಗ ಓಣಿ ಮುಟ್ಟಿತ್ತು. ಹುಡುಗರ ಹಿಂಡಿನ ಹಿಂದೆ ನಮ್ಮೂರಿನ ಹಳೆಯ ಸೈಕಲ್ ಮೇಸ್ತ್ರಿ ಬಂದು ಕಂಬಕ್ಕೆ ಒರಗಿ ಕುಂತರು. ಅವರನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕಾದ ಅಗತ್ಯವೂ ಇರಲಿಲ್ಲ. ಸೋನಿಪತ್ತಿನ ಅಟ್ಲಾಸ್, ಲುಧಿಯಾನದ ಹೀರೋ ಸೈಕಲ್ಲುಗಳು ಗೋಣಿ ಸುತ್ತಿಕೊಂಡು, ಫ್ರೇಮು ಬೇರೆ, ಗಾಲಿ ಬೇರೆ, ಚೈನು ಬೇರೆಯಾಗಿ ಅಂಗಡಿಗೆ ಬಂದು ಬೀಳುತ್ತಿದ್ದ ಕಾಲದ ಮನುಷ್ಯ ಅವರು. ಗಾಲಿಗೆ ಕಡ್ಡಿ ಹೆಣೆಯುವುದರಿಂದ ಹಿಡಿದು ಕೋಟರ್ ಪಿನ್ ಬಡಿಯುವವರೆಗೆ ಎಲ್ಲ ಕೈಗೆಲಸ. 2006-07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದಾಗ, ಬಿಡಿಬಿಡಿಯಾಗಿ ಬಂದ ಸಾಮಾನನ್ನು ಶಾಲೆ ಅಂಗಳದಲ್ಲಿ ಕೂತು ಜೋಡಿಸುವ ಕೂಲಿಗೂ ಹೋಗಿದ್ದುಂಟು. ಅಟ್ಲಾಸಿನ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ ಬಾಗಿಲು ಹಾಕಿತು ಎಂಬುದನ್ನು ಅವರು ಇವತ್ತಿಗೂ ಮನೆಯವರ ಸಾವಿನ ದಿನ ನೆನೆವಂತೆ ಹೇಳುತ್ತಾರೆ.

ಪೆಟ್ಟಿಗೆಯ ಬಾಯಿಗೆ ದಪ್ಪ ಹಿತ್ತಾಳೆ ಪಿನ್ನುಗಳಿದ್ದವು. ಹುಡುಗ ಅವನ್ನು ಎಳೆದು ಎಸೆಯತೊಡಗಿದಾಗ ಮೇಸ್ತ್ರಿ ಮೊದಲ ಸಲ ಬಾಯಿ ಬಿಟ್ಟರು. “ಬಟ್ಟಲದಾಗ ಹಾಕಪಾ. ಬರಿಗಾಲ ಹುಡುಗರು ಅದಾವ, ನಿನ್ನ ಟೈರೂ ಐತಿ.” ಅವ್ವ ಅಡುಗೆ ಮನೆಯಿಂದ ಸ್ಟೀಲ್ ಬಟ್ಟಲು ಕೊಟ್ಟಳು. ಪಿನ್ನೆಲ್ಲ ಅದರಲ್ಲಿ ಬಿದ್ದ ಮೇಲೆಯೇ ಮುಂದಿನ ಕೆಲಸ.

ಇಬ್ಬರು ಹಿಡಿದು ನೆಟ್ಟಗೆ ಮೇಲಕ್ಕೆ ಎತ್ತಿದರು. ಫೋಮಿನ ಕೊಳವೆ ತೊಟ್ಟ ಫ್ರೇಮು, ಅದರ ಎಡಕ್ಕೆ ಕಟ್ಟಿದ ಮುಂದಿನ ಗಾಲಿ, ಎರಡು ಕಪ್ಪು ನಳಿಗೆಗಳಿಗೆ ಜೋತುಬಿದ್ದ ಹ್ಯಾಂಡಲ್. ತಳದಲ್ಲಿ ಒಂದು ಸಣ್ಣ ಡಬ್ಬಿ: ಪೆಡಲ್ಲು, ಗಾಲಿಯ ಅಚ್ಚು, ಪ್ರತಿಫಲಕ, ಗಂಟೆ, ಮತ್ತು ಹತ್ತಾರು ಭಾಷೆಗಳಲ್ಲಿ ಅಚ್ಚಾದ ಒಂದು ಪುಸ್ತಿಕೆ. ಆ ಹತ್ತಾರರಲ್ಲಿ ಕನ್ನಡ ಇರಲಿಲ್ಲ. ನೂರಕ್ಕೆ ಎಂಬತ್ತೈದರಷ್ಟು ಜೋಡಿಸಿಯೇ ಕಳಿಸುತ್ತೇವೆಂದು ಇಂಥ ಸೈಕಲ್ ಮಾರುವವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಉಳಿದ ಹದಿನೈದರಲ್ಲಿ ಏನಿದೆ ನೋಡಿ: ಹ್ಯಾಂಡಲ್, ಮುಂದಿನ ಗಾಲಿ, ಪೆಡಲ್ಲು, ಸೀಟು. ಬಿದ್ದು ಹಲ್ಲು ಮುರಿದುಕೊಳ್ಳುವುದಕ್ಕೆ ಬೇಕಾದದ್ದೆಲ್ಲ ಗಿರಾಕಿಯ ಪಾಲಿಗೇ ಬಿಟ್ಟಿರುತ್ತಾರೆ.

ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಲು ಯಾರೋ ಕುಡಗೋಲು ತಂದರು. ಹುಡುಗ ಬೇಡವೆಂದು ಕಟಿಂಗ್ ಪ್ಲೇಯರ್ ತೆಗೆದ. ಆ ಪಟ್ಟಿಯ ಕೆಳಗೇ ಬ್ರೇಕಿನ ನಳಿಗೆ ಇರುತ್ತದೆ, ಒಳಗೆ ಎಣ್ಣೆ. ಕುಡಗೋಲು ಒಂದು ಕೂದಲಷ್ಟು ಜಾರಿದರೂ ಬ್ರೇಕು ಸತ್ತಂತೆ. ಮುಂದಿನ ಬ್ರೇಕಿನ ಬಾಯಲ್ಲಿ ಹಳದಿ ಪ್ಲಾಸ್ಟಿಕ್ಕಿನ ಬಿಲ್ಲೆ ಸಿಕ್ಕಿಸಿತ್ತು. ಗಾಲಿ ಕೂರಿಸುವ ಹೊತ್ತಿನವರೆಗೆ ಅದನ್ನು ಕೀಳಬಾರದು. ಡಿಸ್ಕಾಗಲಿ ಬಿಲ್ಲೆಯಾಗಲಿ ನಡುವೆ ಇಲ್ಲದಾಗ ಯಾವುದೋ ಹುಡುಗ ಆಸೆಗೆ ಬ್ರೇಕು ಹಿಚುಕಿದನೆಂದರೆ ಒಳಗಿನ ಎರಡು ಪ್ಯಾಡುಗಳು ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ, ಬಿಡಿಸುವುದು ತ್ರಾಸು. ಹಿಚುಕಬೇಕೆಂದು ಕೈ ಚಾಚಿದ ಹುಡುಗ ನಮ್ಮ ಪಡಸಾಲೆಯಲ್ಲೂ ಇದ್ದ. ಅವನ ಕೈಗೆ ಗಂಟೆ ಕೊಟ್ಟು ಕೂರಿಸಲಾಯಿತು. ಆಮೇಲೆ ಅರ್ಧ ತಾಸು ಅದು ಬಾರಿಸುತ್ತಲೇ ಇತ್ತು.

ಸಾಗಣೆಗೆ ಅನುಕೂಲವಾಗಲೆಂದು ಕಂಪನಿಯವರು ಕೆಲವೊಮ್ಮೆ ಮುಂದಿನ ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿಟ್ಟಿರುತ್ತಾರೆ. ಹೊಸಬರು ಅದನ್ನು ಹಾಗೇ ಜೋಡಿಸಿ ಓಡಿಸುವುದೂ ಉಂಟು. ಗುರುತು ಸುಲಭ. ಫೋರ್ಕಿನ ಬಾಗು ಮುಂದಕ್ಕಿರಬೇಕು, ಬ್ರೇಕಿನ ಗಟ್ಟಿ ಸವಾರನ ಎಡಗಾಲಿನ ಕಡೆಗೆ, ಫೋರ್ಕಿನ ಬೆನ್ನಿಗೆ ಇರಬೇಕು. ಪುಸ್ತಿಕೆ ನೋಡದೆಯೇ ಮೇಸ್ತ್ರಿ ಅದನ್ನು ಹಿಡಿದರು: “ಮಾರಿ ಹಿಂದಾಗೈತಿ, ತಿರುಗಿಸು.”

ಗಾಲಿ ಕೂಡಿದ್ದು ನೋಡಲು ಚೆಂದ. ಹಳೆಯ ಸೈಕಲ್ಲಿನ ಅಚ್ಚು ಗಾಲಿಯಲ್ಲೇ ಇರುತ್ತದೆ, ಎರಡು ಬದಿಗೂ ನಟ್ಟು. ಇಲ್ಲಿ ಅಚ್ಚು ಬೇರೆ, ಹನ್ನೆರಡು ಮಿಲಿಮೀಟರಿನ ಟೊಳ್ಳು ಸರಳು. ಡಿಸ್ಕನ್ನು ಎರಡು ಪ್ಯಾಡುಗಳ ಸಂದಿಗೆ ತೂರಿಸಿ, ಫೋರ್ಕಿನ ಒಂದು ಕಾಲಿನಿಂದ ಸರಳು ಹಾಯಿಸಿ ಇನ್ನೊಂದು ಕಾಲಿನ ಥ್ರೆಡ್ಡಿಗೆ ಹತ್ತಿಸಬೇಕು. ಹುಡುಗ ಸರಳಿಗೆ ಗ್ರೀಸು ತೆಳ್ಳಗೆ ಸವರಿದ, ಬೆರಳು ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಡಿಸ್ಕಿಗೆ ಗ್ರೀಸಿನ ಬೆರಳು ತಾಗಕೂಡದು.

ಇಲ್ಲಿಯವರೆಗೆ ಎಲ್ಲವೂ ಸಲೀಸಾಗಿತ್ತು. ಜಗಳ ಎದ್ದದ್ದು ಹ್ಯಾಂಡಲ್ ಹತ್ತಿರ.

ಹ್ಯಾಂಡಲ್ಲನ್ನು ಕಚ್ಚಿ ಹಿಡಿಯುವ ಸ್ಟೆಮ್ಮಿಗೆ ಮುಂದೆ ನಾಲ್ಕು ಬೋಲ್ಟು, ಹಿಂದೆ ಎರಡು, ನೆತ್ತಿಯ ಮೇಲೆ ಒಂದು. ಮೊದಲು ನೆತ್ತಿಯದು. ಅದರ ಕೆಲಸ ಒಳಗಿನ ಬೇರಿಂಗು ಲೊಟಗುಡದಂತೆ ತುಸು ಒತ್ತುವುದಷ್ಟೆ. ಹಿಂದಿನ ಎರಡು ಬೋಲ್ಟು ಮೊದಲೇ ಬಿಗಿದುಬಿಟ್ಟರೆ ನೆತ್ತಿಯದನ್ನು ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಹುಡುಗ ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿದ, ಲೊಟಲೊಟ ಎಂದಿತು. ಅರ್ಧ ಸುತ್ತು ತಿರುಗಿಸಿದ, ಸದ್ದು ನಿಂತಿತು. ಮುಂಗಾಲಿ ಎತ್ತಿ ಬಿಟ್ಟಾಗ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಹೊರಳಿತು. ಹಾಗೆ ಹೊರಳಬೇಕು. ಆಮೇಲೆ ಹ್ಯಾಂಡಲ್ಲನ್ನು ಗಾಲಿಯ ನೇರಕ್ಕೆ ತಂದು, ಒಂದು ಕಣ್ಣು ಮುಚ್ಚಿ ನೋಡಿ, ಹಿಂದಿನ ಬೋಲ್ಟಿಗೆ ಕೈ ಹಚ್ಚಿದ.

ಕೈಯಲ್ಲಿದ್ದದ್ದು, ಇಟ್ಟಷ್ಟು ಬಿಗಿಯಾದ ಕೂಡಲೇ ಸದ್ದು ಮಾಡುವ ಟಾರ್ಕ್ ರೆಂಚು. ಐದು ನ್ಯೂಟನ್ ಮೀಟರಿಗೆ ಇಟ್ಟಿದ್ದ. ಸ್ಟೆಮ್ಮಿನ ಮೇಲೆಯೂ ಇರುವೆಯಷ್ಟು ಅಕ್ಷರದಲ್ಲಿ ಅದೇ ಅಂಕಿ ಬರೆದಿತ್ತು. ತಿರುಗಿಸಿದ, ‘ಟಕ್’ ಅಂದಿತು. ನಿಲ್ಲಿಸಿದ.

“ಆತಾ?” ಮೇಸ್ತ್ರಿ ನಂಬಲಿಲ್ಲ.

“ಆತ್ರೀ ಕಾಕಾ. ಟಕ್ ಅಂದ್ರ ಸಾಕು.”

“ಕೊಡಿಲ್ಲೆ.” ಎಲ್ ಕೀಲಿ ತೊಗೊಂಡು ಮೇಸ್ತ್ರಿ ಎದ್ದೇಬಿಟ್ಟರು. ಅವರ ಕೈಯಲ್ಲಿ ನಲವತ್ತು ಐವತ್ತು ವರ್ಷದ ಬಿಗಿ ಇದೆ. ಕಬ್ಬಿಣದ ಹ್ಯಾಂಡಲ್ಲು, ಮೇಲೆ ಎರಡು ಚೀಲ ಗೊಬ್ಬರ, ಹಿಂದೆ ಹೆಂಡತಿ, ಅಡ್ಡಪಟ್ಟಿಯ ಮೇಲೆ ಕೂಸು. ಆ ಲೆಕ್ಕಕ್ಕೆ ಬಿಗಿಯುವ ಕೈ ಅದು. ಹುಡುಗ ಬೋಲ್ಟಿನ ಮೇಲೆ ಅಂಗೈ ಮುಚ್ಚಿ ಕೂತುಬಿಟ್ಟ. ಫೋರ್ಕು ಕಾರ್ಬನ್ನಿನದು, ಮೇಲೆ ಬಂದ ಅದರ ಕೊಳವೆಯೂ ಕಾರ್ಬನ್ನೇ. ಕಬ್ಬಿಣ ಅತಿಯಾಗಿ ಬಿಗಿದರೆ ತಗ್ಗು ಬೀಳುತ್ತದೆ, ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಒಳಗೊಳಗೇ ಸೀಳಿ ಸುಮ್ಮನಿರುತ್ತದೆ, ಇಳಿಜಾರಿನಲ್ಲಿ ಒಮ್ಮೆಲೆ ಕೈ ಕೊಡುತ್ತದೆ. ಹಾಗೆಂದು ಸಡಿಲ ಬಿಟ್ಟರೂ ಗುಂಡಿಗೆ ಬಿದ್ದಾಗ ಹ್ಯಾಂಡಲ್ ಒಂದು ಕಡೆ, ಗಾಲಿ ಒಂದು ಕಡೆ.

ಐದು ನ್ಯೂಟನ್ ಮೀಟರ್ ಅಂದರೆ ಎಷ್ಟು ಎಂದು ಮೇಸ್ತ್ರಿ ಕೇಳಿದ್ದು ನ್ಯಾಯವಾಗಿತ್ತು. ಹುಡುಗ ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದ: ಹತ್ತು ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ ಐದು ಕಿಲೋ ನೇತುಬಿಟ್ಟಷ್ಟು. ಮೇಸ್ತ್ರಿ ಒಳಗೆ ಕೂಗಿ ಅಕ್ಕಿ ಚೀಲ ತರಿಸಿದರು. ಐದು ಕಿಲೋದ ಸೋನಾ ಮಸೂರಿ ಚೀಲವನ್ನು ಒಂದು ಬೆರಳಿಗೆ ಸಿಕ್ಕಿಸಿಕೊಂಡು ಎರಡು ಸಲ ಮೇಲೆ ಕೆಳಗೆ ತೂಗಿದರು. ನಂತರ ಎಲ್ ಕೀಲಿ ಹಿಡಿದು ಎರಡನೇ ಬೋಲ್ಟನ್ನು ಅದೇ ಬೆರಳಿಂದ, ಅಷ್ಟೇ ಭಾರಕ್ಕೆ ಎಳೆದರು. “ಈಗ ನಿನ್ನ ಯಂತ್ರ ಹಚ್ಚು.” ಹುಡುಗ ರೆಂಚು ಹಚ್ಚಿದ. ಅಲುಗಾಡದೆ, ಹಚ್ಚಿದ ಕೂಡಲೇ ‘ಟಕ್’ ಅಂದಿತು. ಪಡಸಾಲೆಯಲ್ಲಿ ಕೇಕೆ ಬಿತ್ತು. ನನಗೆ ಇಡೀ ಬೆಳಗಿನಲ್ಲಿ ಖುಷಿ ಕೊಟ್ಟದ್ದು ಇದೇ. ಆ ಕೈಗೆ ಎಷ್ಟು ಬಿಗಿ ಬೇಕೆಂದು ಇದುವರೆಗೆ ಯಾರೂ ಅಂಕಿಯಲ್ಲಿ ಹೇಳಿರಲಿಲ್ಲ, ಅಷ್ಟೆ.

ಮುಂದಿನ ನಾಲ್ಕು ಬೋಲ್ಟನ್ನು ಮೇಸ್ತ್ರಿಯೇ ಬಿಗಿದರು. ಮೇಲಿನ ಎಡ, ಕೆಳಗಿನ ಬಲ, ಮೇಲಿನ ಬಲ, ಕೆಳಗಿನ ಎಡ, ಪ್ರತಿಯೊಂದಕ್ಕೂ ತುಸು ತುಸು. ಹೀಗೆ ಎದುರುಬದುರು ಹೋಗಬೇಕೆಂದು ಯಾರೂ ಹೇಳಲಿಲ್ಲ. ಟ್ರ್ಯಾಕ್ಟರಿನ ಗಾಲಿ ಕೂಡಿಸುವವರಿಗೆ ಅದು ಗೊತ್ತೇ ಇರುತ್ತದೆ. ಮೇಲಿನ ಸಂದು, ಕೆಳಗಿನ ಸಂದು ಒಂದೇ ಅಳತೆಗೆ ಬಂತೇ ಎಂದು ಉಗುರು ತೂರಿಸಿ ನೋಡಿದರು. ಪೆಡಲ್ಲಿನ ಹೊತ್ತಿಗಂತೂ ಹುಡುಗನೇ ಶಿಷ್ಯ. ಎಡಗಡೆಯ ಪೆಡಲ್ಲಿಗೆ ಉಲ್ಟಾ ಥ್ರೆಡ್ಡು. ಅದು ಅಟ್ಲಾಸಿಗೂ ಅಷ್ಟೇ, ಇದಕ್ಕೂ ಅಷ್ಟೇ. ಮೊದಲು ಬೆರಳಿನಿಂದಲೇ ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು, ತಡೆದರೆ ಬಿಚ್ಚಿ ಮತ್ತೆ ಹಚ್ಚಬೇಕು, ಜಬರ್ದಸ್ತಿ ಮಾಡಿದರೆ ಮೆತ್ತಗಿನ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ಡು ಹಾಳು. ಇಲ್ಲಿ ಮೇಸ್ತ್ರಿಗೆ ಮನಸ್ಸು ಬಿಚ್ಚಿ ಬಿಗಿಯುವ ಅವಕಾಶವೂ ಸಿಕ್ಕಿತು. ಪೆಡಲ್ಲಿಗೆ ಬೇಕಾದ್ದು ಮೂವತ್ತೈದು ನಲವತ್ತು ನ್ಯೂಟನ್ ಮೀಟರ್.

ಸೀಟಿನ ಕಂಬದ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಆ ಗೆರೆ ಫ್ರೇಮಿನ ಒಳಗೆ ಮುಳುಗಿರಬೇಕು. ಅಷ್ಟು ಸಾಕು.

ಗಾಳಿಯ ವಿಷಯದಲ್ಲಿ ಮಾತ್ರ ಇಬ್ಬರೂ ಸೋಲಲಿಲ್ಲ. ಟೈರಿಗೆ ಹೆಬ್ಬೆರಳು ಒತ್ತಿದ ಮೇಸ್ತ್ರಿ ಹವಾ ಕಮ್ಮಿ ಎಂದರು. ಪಂಪಿನ ಗಡಿಯಾರದ ಮುಳ್ಳು 38ರಲ್ಲಿತ್ತು. ಎಪ್ಪತ್ತು ಕಿಲೋದ ಸವಾರನಿಗೆ ಇಷ್ಟು ದಪ್ಪ ಟೈರಿನಲ್ಲಿ ಅದು ಬೇಕಾದಷ್ಟಾಯಿತು. ಕಲ್ಲಿನಂತೆ ತುಂಬಿದರೆ ಗರಸಿನ ಮೇಲೆ ಗಾಲಿ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಆದರೆ ಮೇಸ್ತ್ರಿಯ ಚಿಂತೆ ಬೇರೆ. ನಮ್ಮ ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ. ಅದರ ಒಣಗಿದ ಮುಳ್ಳು ಚಪ್ಪಲಿ ದಾಟಿ ಅಂಗಾಲಿಗೆ ಬರುವಂಥದ್ದು. ಹುಡುಗ ಬಿಳಿ ದ್ರವದ ಬಾಟಲಿ ತೋರಿಸಿದ. ಈ ಟೈರಿಗೆ ಟ್ಯೂಬಿಲ್ಲ, ಮುಳ್ಳು ಚುಚ್ಚಿದ ತೂತಿಗೆ ಈ ಲೇಟೆಕ್ಸ್ ಹೆಪ್ಪುಗಟ್ಟಿ ಮುಚ್ಚುತ್ತದೆ. ಪಂಕ್ಚರ್ ತಿದ್ದಿಯೇ ಸಂಸಾರ ಸಾಗಿಸಿದ ಮನುಷ್ಯ ಆ ಬಾಟಲಿಯನ್ನು ತಿರುವಿ ತಿರುವಿ ನೋಡಿ, ಮಾತಾಡದೆ ವಾಪಸ್ಸು ಕೊಟ್ಟರು.

ಅಷ್ಟರಲ್ಲಿ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮರುದಿನ ಆಯುಧಪೂಜೆ. ಇವತ್ತೇ ಓಡಿಸುವುದಾದರೆ ಇವತ್ತೇ ಪೂಜೆ ಎಂದು ಅವಳ ವಾದ. ದೀಪದ ಎಣ್ಣೆ ಹತ್ತಿದ ಬೆರಳಲ್ಲಿ ಕುಂಕುಮ ಕಲಸಿಕೊಂಡು ಮೊದಲಿಗೆ ಕಣ್ಣಿಗೆ ಬಿದ್ದ ಮಿನುಗುವ ವಸ್ತುವಿಗೇ ಕೈ ಚಾಚಿದಳು, ಡಿಸ್ಕಿಗೆ. ಹುಡುಗ ಮತ್ತು ಮೇಸ್ತ್ರಿ ಇಬ್ಬರೂ ಒಟ್ಟಿಗೇ ಕೂಗಿದರು. ಡಿಸ್ಕಿಗೆ ಒಂದು ಹನಿ ಎಣ್ಣೆ ತಾಗಿದರೆ ಅದನ್ನು ಪ್ಯಾಡು ಹೀರಿಕೊಂಡು ಬ್ರೇಕು ಕಿರುಚುತ್ತದೆ, ಹಿಡಿಯುವುದಿಲ್ಲ. ತೊಳೆದರೂ ಪೂರ್ತಿ ಹೋಗದೆ ಪ್ಯಾಡೇ ಬದಲಿಸಬೇಕಾಗಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಬೇರೇನನ್ನೂ ಅದಕ್ಕೆ ತಾಗಿಸಬಾರದು. ಕೊನೆಗೆ ಕುಂಕುಮ ಫ್ರೇಮಿನ ಹಣೆಗೆ, ವಿಭೂತಿ ಹ್ಯಾಂಡಲ್ಲಿಗೆ, ಲಿಂಬೆಹಣ್ಣು ಗಾಲಿಯ ಅಡಿಗೆ ಎಂದು ರಾಜಿಯಾಯಿತು. ತೆಂಗಿನಕಾಯಿ ಒಡೆದದ್ದು ಹತ್ತು ಹೆಜ್ಜೆ ಆಚೆ.

ಹೊಸ ಡಿಸ್ಕಿಗೆ ಬ್ರೇಕು ಮೊದಲ ದಿನವೇ ಕಚ್ಚುವುದಿಲ್ಲ, ಪಳಗಿಸಬೇಕು. ಜೋರಾಗಿ ತುಳಿದು, ಗಾಲಿ ಸಿಕ್ಕಿ ನಿಲ್ಲದಂತೆ ಮೆಲ್ಲಗೆ ಹಿಡಿದು ನಡಿಗೆಯ ವೇಗಕ್ಕೆ ಇಳಿಸುವುದು, ಮತ್ತೆ ತುಳಿಯುವುದು, ಹೀಗೆ ಇಪ್ಪತ್ತರ ಸುಮಾರು ಸಲ. ಹೆಲ್ಮೆಟ್ ಹಾಕಿಕೊಂಡು ಹುಡುಗ ಊರ ಹೊರಗಿನ ದಾರಿಯಲ್ಲಿ ಅದನ್ನೇ ಮಾಡುತ್ತಿದ್ದರೆ, ಎಮ್ಮೆ ಹೊಡಕೊಂಡು ಹೊರಟವನೊಬ್ಬ ನಿಂತು, ಸೈಕಲ್ ಕಲಿಯಾಕತ್ತಾನೇನ್ರಿ ಎಂದು ನನ್ನನ್ನು ಕೇಳಿದ.

ಅವನು ಹೊರಟ ಕಡೆ ತೊಗರಿ ಹೂವಿಗೆ ಬಂದಿತ್ತು. ಆ ಹೊಲಗಳನ್ನು ನೋಡುವಾಗ ನಮಗೆ ನವಲಿಯ ಡ್ಯಾಮಿನ ನೆನಪು ತಪ್ಪುವುದಿಲ್ಲ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಗೆ ಮೊದಲು ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ 105ರ ಆಸುಪಾಸು. ಕಳೆದುಹೋದ ಆ ನೀರಿಗೆ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಮಾತು ಬಜೆಟ್ಟಿನಿಂದ ಬಜೆಟ್ಟಿಗೆ ನಡೆದೇ ಇದೆ. ನೀರಿನ ಪಾಲುದಾರರಾದ ಆಂಧ್ರ, ತೆಲಂಗಾಣಗಳೂ ಹೂಂ ಅನ್ನಬೇಕು. ಕಟ್ಟಿದರೆ ಕೆಳಗಿನ ಭತ್ತಕ್ಕೆ ನೀರು, ಮೇಲಿನ ಕೆಲವು ಹೊಲ ಮತ್ತು ದಾರಿ ನೀರೊಳಗೆ. ಅಲ್ಲಿಯವರೆಗೆ ಸೈಕಲ್ಲಿಗೆ ಅಡ್ಡಿಯಿಲ್ಲ.

ಹುಡುಗ ಸಂಜೆ ಕಾರಟಗಿ ಕಡೆಯ ಏರಿಯವರೆಗೆ ಹೋಗಿ ಧೂಳು ಹೊದ್ದು ಬಂದ. ಮೊದಲ ಸವಾರಿಯಲ್ಲಿ ಹೊಸ ಬೋಲ್ಟು, ಹೊಸ ವೈರು ತಮ್ಮ ಜಾಗ ಹಿಡಿಯುವಾಗ ತುಸು ಸಡಿಲಾಗುತ್ತವೆ. ಅದಕ್ಕೇ ನೂರು ಕಿಲೋಮೀಟರಿನೊಳಗೆ ಎಲ್ಲವನ್ನೂ ಮತ್ತೊಮ್ಮೆ ನೋಡಬೇಕು. ಈ ಸಲ ರೆಂಚು ಮೇಸ್ತ್ರಿಯ ಕೈಯಲ್ಲಿತ್ತು. ಸ್ಟೆಮ್ಮಿನ ಆರೂ ಹಚ್ಚಿದ ಕೂಡಲೇ ಟಕ್ ಅಂದವು. ಸೀಟಿನ ಕೊರಳಿನದು ಮಾತ್ರ ಕಾಲು ಸುತ್ತು ತಿರುಗಿತು. ಗೇರು ಒಂದು ಕಡೆ ಕಟಕಟ ಎನ್ನುತ್ತಿತ್ತು, ವೈರಿನ ಗುಂಡಿಯನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿದಾಗ ಸರಿಹೋಯಿತು. ಮೇಸ್ತ್ರಿ ರೆಂಚನ್ನು ಅದರ ಡಬ್ಬಿಗೆ ಹಾಕುವ ಮೊದಲು ಹಿಡಿಕೆಯ ಮೇಲಿನ ಅಂಕಿಗಳನ್ನು ಕಣ್ಣ ಹತ್ತಿರ ಹಿಡಿದು ಓದಿದರು.

“ಎಷ್ಟು ಬಿತ್ತಪಾ ಇದಕ್ಕ?”

ಹುಡುಗ ಬೆಲೆ ಹೇಳಿದ.

“ಜಾಸ್ತಿ ಆತು,” ಎಂದರು. ಒಂದು ಗಳಿಗೆ ಬಿಟ್ಟು, “ಗಂಗಾವತ್ಯಾಗ ಸಿಗತೈತೇನು? ಗೇರಿನ ಸೈಕಲ್ ತರೋ ಹುಡುಗರು ಭಾಳ ಆಗ್ಯಾರ. ಒಬ್ಬಂದು ಹ್ಯಾಂಡಲ್ ಬೋಲ್ಟು ಹೋದ ವಾರ ನನ್ನ ಕೈಯಾಗ ಮುರೀತು.”